ಪಿಲಿಯ ಹೆಸರನ್ನು ಹೊತ್ತ ಊರುಗಳು

ಮಂಗಳೂರಿನಿಂದ ಪೂರ್ವಾಭಿಮುಖವಾಗಿ ಹೊರಟ ಪ್ರಯಾಣಿಕನು ನೇತ್ರಾವತಿಯ ದಡದ ಬಂಟವಾಳವನ್ನು ಹಿಂದಿಕ್ಕಿ, ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ಹೆದ್ದಾರಿಯನ್ನು ಹಿಡಿದನೆಂದರೆ, ಬಿ. ಸಿ. ರೋಡಿನಿಂದ ಸುಮಾರು ೨೦ ಕಿಲೋಮೀಟರ್ ದೂರದಲ್ಲಿ ಪುಂಜಾಲಕಟ್ಟೆಯೆಂಬ ಸಣ್ಣ ಪೇಟೆಯನ್ನು ಸೇರುವನು. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಗಳು ಒಂದಕ್ಕೊಂದು ಸಮೀಪಿಸುವ ಭಾಗವಿದು. ಧರ್ಮಸ್ಥಳಕ್ಕೆ ಹೋಗುವ ಯಾತ್ರಿಕರೂ ಘಾಟಿ ಹತ್ತುವ ವಾಹನಗಳೂ ದಿನವಿಡೀ ಈ ಪೇಟೆಯ ನಡುವಿನಿಂದಲೇ ಹಾದುಹೋಗುವುವು; ಆದರೆ ಇಲ್ಲಿ ಇಳಿದು ನಿಂತು ನೋಡುವವರು ಕಡಿಮೆ. ನೋಡತಕ್ಕದ್ದು ಏನಿದೆ ಎಂದು ಕೇಳಿದರೆ, ದೊಡ್ಡ ದೇವಾಲಯವನ್ನಾಗಲಿ ಕೋಟೆಯನ್ನಾಗಲಿ ನಾನು ತೋರಿಸಲಾರೆನು. ಈ ಸೀಮೆಯಲ್ಲಿ ನೋಡುವುದಕ್ಕಿಂತ ಕೇಳುವುದು ಹೆಚ್ಚು. ಅದರಲ್ಲಿಯೂ ಊರುಗಳ ಹೆಸರನ್ನು ಕಿವಿಗೊಟ್ಟು ಕೇಳಬೇಕು.

ಕಳೆದ ಬೇಸಗೆಯ ರಜೆಯಲ್ಲಿ ನಾನು ಹತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು, ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗಿರುವ ಚಿಕ್ಕಮ್ಮನ ಮನೆಗೆ ಹೋದೆನು. ಹುಡುಗನು ಬೆಂಗಳೂರಿನಲ್ಲಿ ಬೆಳೆದವನು. ಕನ್ನಡವನ್ನು ಚೆನ್ನಾಗಿ ಓದಬಲ್ಲನು. ತುಳು ಮಾತ್ರ ಅವನಿಗೆ ಬಾರದು. ಬಸ್ಸಿನ ಕಿಟಕಿಯ ಬಳಿ ಕುಳಿತು ದಾರಿಬದಿಯ ಹಲಗೆಗಳನ್ನೆಲ್ಲ ಗಟ್ಟಿಯಾಗಿ ಓದುವುದೂ, "ಅಜ್ಜ, ಹಾಗೆಂದರೇನು?" ಎಂದು ನನ್ನನ್ನು ಕೇಳುವುದೂ ಅವನ ಕೆಲಸವಾಯಿತು. ಅರುವತ್ತು ವರ್ಷಗಳಿಂದ ನಾನು ಓಡಾಡಿದ ದಾರಿ. ಆದರೂ ಈ ಪ್ರಶ್ನೆಗಳನ್ನು ನನಗೆ ನಾನೇ ಒಂದು ದಿನವೂ ಕೇಳಿಕೊಂಡವನಲ್ಲ.

ಮೊದಲು ಸುಲಭವಾದವುಗಳು ಬಂದುವು. ಕಾವಳಕಟ್ಟೆ, ಪುಂಜಾಲಕಟ್ಟೆ, ಮೂಡಬಿದಿರೆಯ ದಾರಿಯ ಸಿದ್ಧಕಟ್ಟೆ, ಇವೆಲ್ಲ ಕಟ್ಟೆಯ ಊರುಗಳು. ಮರದ ಬುಡಕ್ಕೆ ಕಲ್ಲುಕಟ್ಟಿ ದಾರಿಹೋಕರಿಗೆ ಕುಳಿತುಕೊಳ್ಳಲು ಮಾಡಿದ ಎಡೆಯು ಕಟ್ಟೆ. ವಾಮದಪದವು, ಕಕ್ಯಪದವು ಮೊದಲಾದುವು ಪದವಿನ ಊರುಗಳು. ಗುಡ್ಡದ ನೆತ್ತಿಯ ಮೇಲಿನ ಮುರಕಲ್ಲಿನ ಬಯಲಿಗೆ ನಮ್ಮವರು ಪದವು ಎನ್ನುತ್ತಾರೆ. ಪಿಲಾತಬೆಟ್ಟು ಎಂಬಲ್ಲಿಯ ಬೆಟ್ಟು ಎಂಬುದು ಪರ್ವತವಲ್ಲ. ತುಳುನಾಡಿನ ಗದ್ದೆಗಳಲ್ಲಿ ನೀರು ನಿಲ್ಲುವ ತಗ್ಗಿನದು ಬೈಲು, ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನಂಬಿ ಒಂದು ಬೆಳೆಯನ್ನು ಕೊಡುವ ಎತ್ತರದ ಗದ್ದೆಯು ಬೆಟ್ಟು. ಊರಿನ ಹೆಸರಿನ ಬಾಲವನ್ನು ಹಿಡಿದರೆ ಆ ನೆಲವು ಎತ್ತರವೋ ತಗ್ಗೋ, ನೀರುಂಟೋ ಇಲ್ಲವೋ ಎಂಬುದು ತಿಳಿಯುವುದು.

ಬಾಲವನ್ನು ಬಿಟ್ಟು ತಲೆಗೆ ಬಂದಾಗ ಪ್ರಾಣಿಗಳು ಎದುರಾದುವು. ಬಂಟವಾಳ ತಾಲೂಕಿನಲ್ಲಿಯೇ ಪಂಜಿಕಲ್ಲು ಎಂಬ ಗ್ರಾಮವಿದೆ. ಪಂಜಿ ಎಂದರೆ ಹಂದಿ. ನಮ್ಮ ದೈವಗಳಲ್ಲಿ ಪಂಜುರ್ಲಿಯು ವರಾಹರೂಪದ್ದೆಂಬುದನ್ನು ಬಲ್ಲವರಿಗೆ ಈ ಪದವು ಹೊಸತಲ್ಲ. ಪಾಣೆಮಂಗಳೂರಿನ ಸಮೀಪದಲ್ಲಿ ನರಿಕೊಂಬು ಇದೆ. ಪುತ್ತೂರಿನ ಕಡೆಯಲ್ಲಿ ನರಿಮೊಗರು ಉಂಟು. ನಮ್ಮ ತಾಲೂಕಿನಲ್ಲಿ ಪಿಲಿಮೊಗರು ಉಂಟು. ಕಾರ್ಕಳದಲ್ಲಿ ಆನೆಕೆರೆ, ಅದರ ನಡುವೆ ಬಸದಿ. ಬೆಳ್ತಂಗಡಿಯ ಉತ್ತರದಲ್ಲಿ ಆಕಾಶಕ್ಕೆ ತಾಗಿದಂತಿರುವ ಬೆಟ್ಟಸಾಲಿಗೆ ಕುದುರೆಮುಖವೆಂದು ಹೆಸರು. ಅಲ್ಲಿ ಕುದುರೆಗಳಿದ್ದುವೆಂದಲ್ಲ, ಶಿಖರದ ಆಕಾರವನ್ನು ನೋಡಿ ಹಾಗೆ ಕರೆದುದು. ಮಂಗಳೂರಿನ ಹೊರವಲಯದ ಪಿಲಿಕುಳವನ್ನು ಅರಿಯದವರಿಲ್ಲ. ಪಿಲಿ ಎಂದರೆ ಹುಲಿ. ಹುಲಿಯು ನೀರು ಕುಡಿಯಲು ಬರುತ್ತಿದ್ದ ಕೊಳವೇ ಪಿಲಿಕುಳ. ಇಂದು ಅಲ್ಲಿ ನಿಸರ್ಗಧಾಮವಿದೆ, ಮೃಗಾಲಯವಿದೆ, ಅದರಲ್ಲಿ ಹುಲಿಗಳೂ ಇವೆ. ಹುಲಿಯ ಕೊಳಕ್ಕೆ ಹುಲಿಯು ತಿರುಗಿ ಬಂದಿದೆ. ಆದರೆ ಬೇಲಿಯ ಒಳಗೆ.

"ಹಾಗಾದರೆ ಪುಂಜಾಲ ಎಂದರೆ ಯಾವ ಪ್ರಾಣಿ?" ಎಂದನು ಹುಡುಗ. ಈ ಪ್ರಶ್ನೆಗೆ ನಾನು ನಿಧಾನಿಸಿದೆನು. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗಿರುವುದು ಎಲ್ಲರಿಗೂ ತಿಳಿದ ಸಂಗತಿ. ಪುಲಿಯು ಹುಲಿಯಾಯಿತು, ಪಂದಿಯು ಹಂದಿಯಾಯಿತು, ಪುಂಜವು ಹುಂಜವಾಯಿತು. ತುಳುವಾದರೋ ಆ ಪಕಾರವನ್ನು ಬಿಡದೆ ಪಿಲಿ, ಪಂಜಿ, ಪೂಂಜೆ ಎಂದೇ ಇಂದಿಗೂ ಹೇಳುತ್ತದೆ. ಆದುದರಿಂದ ಪುಂಜಾಲಕಟ್ಟೆಯೆಂದೊಡನೆ ನನ್ನ ಕಿವಿಗೆ ಹುಂಜದ ಕೂಗೇ ಕೇಳಿಸಿತು. ಆದರೆ ಹುತ್ತಕ್ಕೂ ತುಳುವಿನಲ್ಲಿ ಪುಂಚ ಎಂಬ ಹೆಸರಿದೆ. ಪಿಲಾತಬೆಟ್ಟಿನಲ್ಲಿಯೂ ಒಬ್ಬನ ಕಿವಿಗೆ ಪಿಲಿ ಕೇಳಿಸೀತು, ಇನ್ನೊಬ್ಬನ ಕಿವಿಗೆ ಹಲಸಿನ ಹೆಸರಾದ ಪೆಲ ಕೇಳಿಸೀತು. ಕಿವಿಯೊಂದರ ಸಾಕ್ಷಿಯಿಂದ ತೀರ್ಪು ಕೊಡಬಾರದು. ೧೮೮೬ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಮೆನ್ನರ್ ಸಾಹೇಬರು ತುಳು ಕೋಶವನ್ನು ಅಚ್ಚುಹಾಕಿಸಿದರು. ಅದಾಗಿ ನೂರು ವರ್ಷಗಳ ಬಳಿಕ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರು ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದರು. ಅಂಥ ಗ್ರಂಥಗಳನ್ನು ಪಕ್ಕದಲ್ಲಿಟ್ಟುಕೊಂಡೇ ಊರ ಹೆಸರನ್ನು ಬಿಡಿಸತಕ್ಕದ್ದು.

ಹುಡುಗನ ಕೈಯಲ್ಲಿ ಒಂದು ಚಿತ್ರಪುಸ್ತಕವಿತ್ತು. ಅದರಲ್ಲಿ ಆಸ್ಟ್ರೇಲಿಯಾದ ಕಾಂಗರೂ ತನ್ನ ಹೊಟ್ಟೆಯ ಚೀಲದಲ್ಲಿ ಮರಿಯನ್ನಿಟ್ಟುಕೊಂಡು ನಿಂತಿತ್ತು. "ಇದರ ಹೆಸರಿನ ಊರು ನಮ್ಮಲ್ಲಿ ಉಂಟೇ?" ಎಂದು ಕೇಳಿದನು. ಇಲ್ಲ, ಏಕೆಂದರೆ ಪೂರ್ಣವಾಗಿ ಬೆಳೆಯದ ಮರಿಯನ್ನು ಹೆತ್ತು ಚೀಲದಲ್ಲಿ ಸಾಕುವ ಈ ಜಾತಿಯ ಪ್ರಾಣಿಗಳು ಆಸ್ಟ್ರೇಲಿಯಾ ಮತ್ತು ಅದರ ನೆರೆಯ ದ್ವೀಪಗಳಲ್ಲಿಯೂ ಅಮೆರಿಕಾ ಖಂಡಗಳಲ್ಲಿಯೂ ಇವೆಯಲ್ಲದೆ, ಭರತಖಂಡದ ಕಾಡುಗಳಲ್ಲಿ ಇಂದು ಒಂದೂ ಇಲ್ಲ. ಆದರೆ ಅವುಗಳ ನಾಡಿನಲ್ಲಿ ಅವುಗಳ ಹೆಸರಿನ ಊರುಗಳು ಬೇಕಾದಷ್ಟಿವೆ. ೧೮೦೨ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ನಾವಿಕನು ದಕ್ಷಿಣ ತೀರದ ಒಂದು ದೊಡ್ಡ ದ್ವೀಪದಲ್ಲಿ ಇಳಿದಾಗ, ಬಹುಕಾಲ ತಾಜಾ ಆಹಾರವಿಲ್ಲದೆ ಬಳಲಿದ್ದ ಅವನ ಜನರಿಗೆ ಕಾಂಗರೂ ಮಾಂಸವು ಹೊಟ್ಟೆತುಂಬ ದೊರೆಯಿತು. ಆ ಕೃತಜ್ಞತೆಯಿಂದ ಅವನು ಅದಕ್ಕೆ ಕಾಂಗರೂ ದ್ವೀಪವೆಂದು ಹೆಸರಿಟ್ಟನು. ೧೬೯೬ರಲ್ಲಿ ಡಚ್ಚರ ವಿಲ್ಲೆಮ್ ಡಿ ವ್ಲಾಮಿಂಗ್ ಎಂಬವನು ಪಶ್ಚಿಮ ತೀರದ ಇನ್ನೊಂದು ದ್ವೀಪದಲ್ಲಿ ಕ್ವೊಕ್ಕಾ ಎಂಬ ಸಣ್ಣ ಚೀಲದ ಪ್ರಾಣಿಗಳನ್ನು ಕಂಡು, ಅವು ದೊಡ್ಡ ಇಲಿಗಳೆಂದೇ ಭ್ರಮಿಸಿದನು. ಇಲಿಯ ಗೂಡು ಎಂಬರ್ಥದ ರಾಟ್ನೆಸ್ಟ್ ಎಂಬ ಹೆಸರೇ ಆ ದ್ವೀಪಕ್ಕೆ ನಿಂತುಹೋಯಿತು. ಇಲಿಯಲ್ಲದ ಪ್ರಾಣಿಗೆ ಇಲಿಯೆಂಬ ಹೆಸರು! ಹೆಸರಿಟ್ಟವನು ತಪ್ಪಿದನು, ಆದರೆ ಅಲ್ಲಿ ಒಂದು ಪ್ರಾಣಿ ಗುಂಪುಗುಂಪಾಗಿ ಇದ್ದಿತೆಂಬ ಸಾಕ್ಷ್ಯವನ್ನು ಆ ತಪ್ಪು ಹೆಸರೂ ಉಳಿಸಿಕೊಂಡು ಬಂದಿದೆ.

ಇಷ್ಟು ಹೇಳುವಷ್ಟರಲ್ಲಿ ಪುಂಜಾಲಕಟ್ಟೆ ಬಂದಿತು. ಅಲ್ಲಿಂದ ರಿಕ್ಷಾದಲ್ಲಿ ಹೋಗಿ ಚಿಕ್ಕಮ್ಮನ ಮನೆಯ ಅಂಗಳದಲ್ಲಿ ಇಳಿದೆವು. ಎಂಬತ್ತನಾಲ್ಕು ವರ್ಷದ ಚಿಕ್ಕಮ್ಮನು ಜಗಲಿಯಲ್ಲಿಯೇ ಕುಳಿತಿದ್ದರು. ಬೆಲ್ಲ ನೀರು ಕೊಟ್ಟು, "ಮಗಾ, ಬಿಸಿಲಲ್ಲಿ ಹುಡುಗನನ್ನು ಕರೆದುಕೊಂಡು ಬಂದೆಯಲ್ಲ" ಎಂದು ನನ್ನನ್ನು ಗದರಿಸಿದರು. ಮನೆಯ ಎದುರು ಹೊಸ ಗೇಟಿನ ಕಂಬಗಳು ಎದ್ದಿದ್ದುವು. ಹೆಸರು ಬರೆಯಬೇಕಾದ ಕಲ್ಲು ಮಾತ್ರ ಇನ್ನೂ ಬರಿದಾಗಿತ್ತು.

ಆ ಮನೆಗೆ ಹಿಂದಿನಿಂದಲೂ ಪಿಲಿಗುಂಡಿ ಎಂದು ಹೆಸರು. ಮನೆಯ ಹಿಂದೆ, ಅಡಿಕೆ ತೋಟವು ಮುಗಿದು ಗುಡ್ಡವು ಆರಂಭವಾಗುವಲ್ಲಿ, ಒಂದು ತಗ್ಗಿದೆ. ಕಡು ಬೇಸಗೆಯಲ್ಲಿಯೂ ಅದರ ಮೂಲೆಯಲ್ಲಿ ನೀರು ಜಿನುಗುತ್ತಿರುತ್ತದೆ. ಹುಲಿಯು ಆ ನೀರಿಗೆ ಬರುತ್ತಿತ್ತೆಂದು ಹಿರಿಯರ ಮಾತು. ತುಳುನಾಡಿನಲ್ಲಿ ಮನುಷ್ಯನನ್ನು ಅವನ ಮನೆಯ ಹೆಸರಿನಿಂದ ಗುರುತಿಸುವುದು ವಾಡಿಕೆಯಷ್ಟೆ. ಹೀಗಾಗಿ ಈ ಮನೆಯವರೆಲ್ಲರೂ ಪಿಲಿಗುಂಡಿಯವರು. ಈಗ ಚಿಕ್ಕಮ್ಮನ ಮಗನು ಗೇಟಿನ ಮೇಲೆ "ಶ್ರೀನಿಲಯ" ಎಂದು ಬರೆಸಬೇಕೆಂದಿದ್ದನು. ಅಲ್ಲದೆ, ಗುಡ್ಡದ ಮೇಲಿನ ರಬ್ಬರ್ ತೋಟಕ್ಕೆ ವಾಹನ ಹೋಗುವಂತೆ ಆ ತಗ್ಗನ್ನು ಮಣ್ಣು ತುಂಬಿಸಿ ದಾರಿಮಾಡಬೇಕೆಂಬ ಯೋಜನೆಯೂ ಇತ್ತು.

"ಅಣ್ಣ, ನೀವೇ ಹೇಳಿ," ಎಂದನು ಅವನು. "ಪಿಲಿಯೂ ಇಲ್ಲ, ಮಳೆಗಾಲ ಕಳೆದರೆ ಗುಂಡಿಯಲ್ಲಿ ಹೇಳುವಂಥ ನೀರೂ ಇಲ್ಲ. ಮಕ್ಕಳನ್ನು ಶಾಲೆಯಲ್ಲಿ ಪಿಲಿಯ ಗುಂಡಿಯವರು ಎಂದು ಹಾಸ್ಯಮಾಡುತ್ತಾರೆ. ಇಲ್ಲದ ಹುಲಿಯ ಹೆಸರನ್ನು ಎಷ್ಟು ದಿನ ಹೊರುವುದು?"

ಚಿಕ್ಕಮ್ಮನು ಏನೂ ಹೇಳಲಿಲ್ಲ. ನಾನೂ ಒಡನೆ ಉತ್ತರ ಕೊಡಲಾರದೆ ಹೋದೆನು. ಅವನ ಮಾತಿನಲ್ಲಿ ನ್ಯಾಯವಿಲ್ಲದಿರಲಿಲ್ಲ.

ಸಾಯಂಕಾಲ ಹುಡುಗನು ಚಿಕ್ಕಮ್ಮನ ಮಗ್ಗುಲಲ್ಲಿ ಕುಳಿತು, "ಮುತ್ತಜ್ಜಿ, ನೀವು ಹುಲಿಯನ್ನು ನೋಡಿದ್ದೀರಾ?" ಎಂದನು. ಅವರು ನೋಡಿದವರಲ್ಲ. ಆದರೆ ಅವರ ಅತ್ತೆಯು ಕೇಳಿದವರು, ಹೆದರಿದವರು. ದನಗಳು ಗುಡ್ಡದಿಂದ ಇಳಿದೊಡನೆ ಲೆಕ್ಕಮಾಡಿ ಹಟ್ಟಿಗೆ ಹಾಕುವುದು, ಒಂದು ಕಡಿಮೆಯಾದರೆ ಸೂಟೆ ಹಚ್ಚಿ ನಾಲ್ವರು ಕೂಡಿಯೇ ಹುಡುಕಹೋಗುವುದು, ಕತ್ತಲಾದ ಮೇಲೆ ಆ ಮನೆಯಲ್ಲಿ "ಪಿಲಿ" ಎಂಬ ಮಾತನ್ನು ಬಾಯಿಬಿಟ್ಟು ಆಡಬಾರದೆಂಬ ಕಟ್ಟಳೆ, ಇವೆಲ್ಲವನ್ನು ಅವರು ಸೊಸೆಯಾಗಿ ಬಂದ ಹೊಸತರಲ್ಲಿ ಕಂಡಿದ್ದರು. ಆಗಿನ ಬೇಸಾಯವೇ ಕಾಡಿನ ಅಂಚಿನದಾಗಿತ್ತು. ವರ್ಗದ ಜಮೀನಿನ ಸುತ್ತ ೧೦೦ ಗಜದೊಳಗಿನ ಸರಕಾರಿ ನೆಲದಿಂದ ಸೊಪ್ಪು ಕಟ್ಟಿಗೆಗಳನ್ನು ತರುವ ಹಕ್ಕಿಗೆ ಕುಮ್ಕಿ ಎಂದು ಹೆಸರು. ಗದ್ದೆಗೆ ಗೊಬ್ಬರ ಬೇಕಾದರೆ ಸೊಪ್ಪು ಬೇಕು, ಸೊಪ್ಪು ಬೇಕಾದರೆ ಕುಮ್ಕಿಯ ಕಾಡು ಬೇಕು. ಆ ಕಾಡಿಗೆ ದನವೂ ಹೋಗುತ್ತಿತ್ತು, ದನದ ಹಿಂದೆ ಹುಲಿಯೂ ಬರುತ್ತಿತ್ತು. ಹೆದರಿಕೆ ಇದ್ದುದರಿಂದಲೇ ಭಕ್ತಿಯೂ ಇದ್ದಿತು. ಪಿಲಿಚಾಮುಂಡಿಯ ಕೋಲವೂ, ನವರಾತ್ರಿಯಲ್ಲಿ ತಾಸೆಯ ಪೆಟ್ಟಿಗೆ ಕುಣಿಯುವ ಪಿಲಿವೇಷವೂ, ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಎಸೆಯುವ ಅದರ ಸಾಹಸವೂ ಅಂಥ ನೆಲದಲ್ಲಿ ಹುಟ್ಟಿದುವು.

ಹುಲಿಯು ಹೋದುದು ಹೇಗೆ? ಒಂದು ದಿನದಲ್ಲಿ ಹೋದುದಲ್ಲ. ಕಾಡನ್ನು ಕಡಿದು ತೋಟಗಳಾದುವು, ಕೋವಿಗಳು ಹೆಚ್ಚಿದುವು, ಬ್ರಿಟಿಷ್ ಸರಕಾರವು ಹುಲಿಯನ್ನು ಕೊಂದವನಿಗೆ ಇನಾಮು ಕೊಡುತ್ತಿತ್ತು. ಹುಲಿಯನ್ನು ಕೊಲ್ಲುವುದು ಆಗ ಪುರುಷಾರ್ಥವೆಂದೇ ಎಣಿಸಲ್ಪಟ್ಟಿತ್ತು. ದನವನ್ನು ಕಳಕೊಂಡ ಒಕ್ಕಲಿಗನನ್ನು ನಾವು ದೂಷಿಸುವಂತಿಲ್ಲ. ಅವನಿಗೆ ಆ ದನವೇ ಉಳುಮೆ, ಅದೇ ಹಾಲು, ಅದೇ ಗೊಬ್ಬರ.

ಆಗ ಹುಡುಗನು ತನ್ನ ಪುಸ್ತಕದ ಇನ್ನೊಂದು ಚಿತ್ರವನ್ನು ತೋರಿಸಿದನು. ನಾಯಿಯಂತಹ ಮೈ, ಬೆನ್ನಿನ ಹಿಂಭಾಗದಲ್ಲಿ ಅಡ್ಡಪಟ್ಟೆಗಳು. ಅದು ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ತಾಸ್ಮಾನಿಯಾ ದ್ವೀಪದ ಥೈಲಸೀನ್. ಹುಲಿಯ ಕುಲಕ್ಕೆ ಅದು ಸೇರಿದುದೇ ಅಲ್ಲ. ಕಾಂಗರೂವಿನಂತೆ ಚೀಲದ ಪ್ರಾಣಿ. ಆದರೆ ಪಟ್ಟೆಗಳನ್ನು ಕಂಡ ವಲಸೆಗಾರರು ಅದನ್ನು ತಾಸ್ಮಾನಿಯಾದ ಹುಲಿ ಎಂದು ಕರೆದರು. ಕುರಿಗಳನ್ನು ತಿನ್ನುವುದೆಂಬ ಆಪಾದನೆಯ ಮೇಲೆ ೧೮೮೮ರಿಂದ ೧೯೦೯ರ ವರೆಗೆ ಅಲ್ಲಿನ ಸರಕಾರವು ಬೆಳೆದ ಒಂದೊಂದು ಥೈಲಸೀನಿನ ತಲೆಗೆ ಒಂದು ಪೌಂಡು ಇನಾಮು ಕೊಟ್ಟಿತು. ೨,೧೮೪ ಇನಾಮುಗಳು ಸಂದುವು. ಕೊನೆಗೆ ೧೯೩೬ರ ಜುಲಾಯಿ ತಿಂಗಳಲ್ಲಿ ಅದನ್ನು ಕೊಲ್ಲಬಾರದೆಂದು ಕಾನೂನಾಯಿತು. ಅದೇ ವರ್ಷ ಸೆಪ್ಟೆಂಬರ ೭ರಂದು, ಎರಡು ತಿಂಗಳೂ ತುಂಬುವ ಮೊದಲೇ, ಹೋಬರ್ಟ್ ನಗರದ ಮೃಗಾಲಯದಲ್ಲಿ ಉಳಿದಿದ್ದ ಕಡೆಯ ಥೈಲಸೀನ್ ಸತ್ತಿತು. ಇಂದು ತಾಸ್ಮಾನಿಯಾದ ರಾಜಲಾಂಛನದಲ್ಲಿ ಎರಡು ಥೈಲಸೀನುಗಳು ಗುರಾಣಿಯನ್ನು ಹಿಡಿದು ನಿಂತಿವೆ. ಕಾಡಿನಲ್ಲಿ ಒಂದೂ ಇಲ್ಲ. ಆ ಸೆಪ್ಟೆಂಬರ ೭ನ್ನು ಅಳಿವಿನ ಅಂಚಿನ ಜೀವಿಗಳ ದಿನವೆಂದು ಆಸ್ಟ್ರೇಲಿಯನರು ೧೯೯೬ರಿಂದ ಆಚರಿಸುತ್ತಿದ್ದಾರೆ.

"ನಮ್ಮ ಹುಲಿಯೂ ಹಾಗೆಯೇ ಆಯಿತೇ?" ಎಂದು ಹುಡುಗನು ಕೇಳಿದಾಗ, ಇಲ್ಲವೆಂದು ಹೇಳಲು ನನಗೆ ಸಾಧ್ಯವಾದುದು ಸಮಾಧಾನದ ಸಂಗತಿ. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನಾಯಿತು. ಆ ವರ್ಷದ ಎಣಿಕೆಯಲ್ಲಿ ದೇಶದಲ್ಲಿದ್ದ ಹುಲಿಗಳು ೧,೮೨೭ ಮಾತ್ರ. ೧೯೭೩ರಲ್ಲಿ ಹುಲಿ ಯೋಜನೆಯು ಆರಂಭವಾಯಿತು. ಮೊದಲ ಒಂಬತ್ತು ಧಾಮಗಳಲ್ಲಿ ನಮ್ಮ ಬಂಡೀಪುರವೂ ಒಂದು. ೨೦೨೨ರ ಗಣತಿಯಂತೆ ಕರ್ನಾಟಕದಲ್ಲಿಯೇ ೫೬೩ ಹುಲಿಗಳಿವೆ. ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕುದುರೆಮುಖದ ಕಾಡಿನಲ್ಲಿಯೂ ಹುಲಿಯುಂಟು. ಆ ಕಾಡಿನ ಒಂದು ಪಾಲು ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿಗೇ ಸೇರಿದೆ. ಎಂದರೆ, ಪಿಲಿಯು ನಮ್ಮ ಪಿಲಿಮೊಗರನ್ನೂ ಪಿಲಿಗುಂಡಿಯನ್ನೂ ಬಿಟ್ಟು ಘಾಟಿಯನ್ನು ಹತ್ತಿ ಕುಳಿತಿದೆ. ತಾಸ್ಮಾನಿಯಾದವರಿಗೆ ಎರಡು ತಿಂಗಳು ತಡವಾಯಿತೆನ್ನುವುದು ಸರಿಯಲ್ಲ, ಮೂವತ್ತು ವರ್ಷವೇ ತಡವಾಯಿತು. ನಮಗೆ ಕಾಲವು ಕೊಂಚ ಉಳಿದಿತ್ತು.

ಆ ರಾತ್ರಿ ಊಟವಾದ ಮೇಲೆ ಮತ್ತೆ ಗೇಟಿನ ಮಾತು ಬಂದಿತು. ಈ ಸಲ ಚಿಕ್ಕಮ್ಮನೇ ಬಾಯಿತೆರೆದರು. "ಹೆಸರು ಏನಾದರೂ ಇಡಿರಿ. ನಾನು ಇನ್ನು ಎಷ್ಟು ದಿನ ಅದನ್ನು ಓದುತ್ತೇನೆ? ಗುಂಡಿಯನ್ನು ಮಾತ್ರ ಮುಚ್ಚಬೇಡ, ಮಗಾ. ಬಾವಿ ಬತ್ತಿದ ವರ್ಷ ನಿನ್ನನ್ನೂ ನಿನ್ನ ಅಕ್ಕಂದಿರನ್ನೂ ಆ ನೀರಿನಿಂದ ಸಾಕಿದ್ದೇನೆ. ಪಿಲಿಗೂ ಅದೇ ನೀರು, ನಮಗೂ ಅದೇ ನೀರು."

ನಾನು ಅದಕ್ಕೆ ಒಂದು ಮಾತನ್ನು ಕೂಡಿಸಿದೆನು. ಹೆಸರು ಬೇರೆ, ಗುಂಡಿ ಬೇರೆ ಎಂದು ನಮಗೆ ಈಗ ತೋರಬಹುದು. ಆದರೆ ಹೆಸರು ಹೋದ ಮೇಲೆ ಆ ತಗ್ಗಿನಲ್ಲಿ ನೀರಿದೆಯೆಂಬುದನ್ನು ಮುಂದಿನವರಿಗೆ ಹೇಳುವವರು ಯಾರು? ಬೈಲು, ಮಜಲು, ಬೆಟ್ಟುಗಳು ನೀರಿನ ಲೆಕ್ಕವನ್ನು ಹೇಳುವಂತೆ ಪಿಲಿಗುಂಡಿಯೂ ಹೇಳುತ್ತದೆ: ಇಲ್ಲಿ ಬೇಸಗೆಯಲ್ಲಿಯೂ ನೀರಿತ್ತು, ಅದನ್ನು ಪ್ರಾಣಿಗಳೂ ಅರಿತಿದ್ದುವು ಎಂದು. ಶ್ರೀನಿಲಯವೆಂಬ ಹೆಸರು ಮಂಗಳಕರವಾದುದೇ ಸರಿ. ಆದರೆ ಅದನ್ನು ಯಾವ ಊರಿನ ಯಾವ ಮನೆಗೂ ಇಡಬಹುದು. ತಮ್ಮನು ವಾದಿಸಲಿಲ್ಲ. "ನೋಡುವ" ಎಂದಷ್ಟೇ ಹೇಳಿ ಮಲಗಹೋದನು.

ಮರುದಿನ ಬೆಳಗಿನ ಜಾವ ಹುಡುಗನು ನನ್ನನ್ನು ತಟ್ಟಿ ಎಬ್ಬಿಸಿದನು. ಗುಡ್ಡದ ಕಡೆಯಿಂದ ಒಂದು ಕೂಗು ಕೇಳಿಸುತ್ತಿತ್ತು. ಹಟ್ಟಿಯ ಬಳಿಯ ಊರಕೋಳಿಯ ಕೂಗಿಗಿಂತ ಒಡಕು, ತುಂಡುತುಂಡಾದ ಸ್ವರ. ಅದು ಕಾಡುಕೋಳಿಯ ಹುಂಜ. ನಮ್ಮ ಪಶ್ಚಿಮ ಘಟ್ಟದ ಬೂದುಬಣ್ಣದ ಕಾಡುಕೋಳಿಯು ಭರತಖಂಡದ ಹೊರಗೆ ಎಲ್ಲಿಯೂ ಕಾಡಿನಲ್ಲಿ ಕಾಣದು. ನಾವಿಬ್ಬರೂ ಸದ್ದುಮಾಡದೆ ತೋಟದ ಅಂಚಿನ ವರೆಗೆ ಹೋದೆವು. ಗುಂಡಿಯ ಮೂಲೆಯ ಕೆಸರಿನಲ್ಲಿ ಹಂದಿಗಳು ಹೊರಳಿದ ಗುರುತು ಹೊಸತಾಗಿತ್ತು. ಹಕ್ಕಿಯು ಕಾಣಲಿಲ್ಲ, ಕೂಗು ಮಾತ್ರ ಇನ್ನೆರಡು ಸಲ ಕೇಳಿಸಿ ನಿಂತಿತು. "ಅಜ್ಜ, ಇದು ಪುಂಜಾಲಕಟ್ಟೆಯ ಪೂಂಜೆಯೇ?" ಎಂದು ಹುಡುಗನು ಪಿಸುಗುಟ್ಟಿದನು. ಕೋಶವು ಏನನ್ನೇ ಹೇಳಲಿ, ಆ ಹೊತ್ತಿನಲ್ಲಿ ನಾನು ಹೌದೆಂದೆನು.

ಬೆಂಗಳೂರಿಗೆ ತಿರುಗಿ ಹೋದ ಮೇಲೆ ಅವನು ತನ್ನ ಪುಸ್ತಕದಲ್ಲಿ ಒಂದು ಪಟ್ಟಿಯನ್ನು ಬರೆದಿದ್ದಾನೆ. ಒಂದು ಕಡೆ ಊರಿನ ಹೆಸರು, ಇನ್ನೊಂದು ಕಡೆ ಪ್ರಾಣಿ, ಮೂರನೆಯ ಕಡೆ "ಈಗ ಉಂಟೇ?" ಎಂಬ ಪ್ರಶ್ನೆ. ಪಂಜಿಕಲ್ಲಿನ ಮುಂದೆ, "ಹಂದಿ; ಸೀಮೆಯಲ್ಲೆಲ್ಲ ಉಂಟು, ಗದ್ದೆಯವರಿಗೆ ಸಾಕಾಗಿದೆ" ಎಂದಿದೆ. ಪಿಲಿಕುಳದ ಮುಂದೆ, "ಉಂಟು, ಬೇಲಿಯೊಳಗೆ." ಪಿಲಿಮೊಗರಿನ ಮುಂದೆ, "ಇಲ್ಲ, ಘಾಟಿಯಲ್ಲಿ ಉಂಟು." ರಾಟ್ನೆಸ್ಟಿನ ಮುಂದೆ, "ಉಂಟು, ಆದರೆ ಇಲಿಯಲ್ಲ." ಪಟ್ಟಿಯಲ್ಲಿ ಇನ್ನೂ ಬಹಳ ಸ್ಥಳವಿದೆ. ವಾಚಕರ ಮನೆಗಳಲ್ಲಿಯೂ ರಜೆಗೆ ಬಂದ ಮಕ್ಕಳಿರಬಹುದು, ಜಗಲಿಯಲ್ಲಿ ಕುಳಿತ ಹಿರಿಯರಿರಬಹುದು. ನಿಮ್ಮ ಊರಿನ, ಗದ್ದೆಯ, ಮನೆಯ ಹೆಸರಿನ ಅರ್ಥವನ್ನು ಆ ಹಿರಿಯರನ್ನು ಕೇಳಿ ಆ ಮಕ್ಕಳ ಕೈಯಿಂದ ಬರೆಯಿಸಿರಿ. ಇದಕ್ಕೆ ಖರ್ಚಿಲ್ಲ, ಆದರೆ ಹೆಚ್ಚು ಕಾಲವೂ ಇಲ್ಲ.

ಮಳೆ ಹಿಡಿಯುವುದಕ್ಕೆ ಮೊದಲು ತಮ್ಮನಿಂದ ದೂರವಾಣಿಯಲ್ಲಿ ಸುದ್ದಿ ಬಂದಿತು. ರಬ್ಬರ್ ತೋಟದ ದಾರಿಯನ್ನು ಗುಂಡಿಯ ಮೇಲಿನ ಅಂಚಿನಿಂದ ಸುತ್ತಿಸಿದ್ದಾನಂತೆ. ಅದಕ್ಕಾಗಿ ಫಲಕೊಡುವ ಮೂರು ಅಡಿಕೆ ಮರಗಳನ್ನು ಕಡಿಯಬೇಕಾಯಿತಂತೆ. ಗೇಟಿನ ಕಲ್ಲಿನಲ್ಲಿ ಶ್ರೀನಿಲಯವೆಂದು ದೊಡ್ಡದಾಗಿಯೂ, ಅದರ ಕೆಳಗೆ ಪಿಲಿಗುಂಡಿಯೆಂದು ಸಣ್ಣದಾಗಿಯೂ ಕೆತ್ತಿಸಿದ್ದಾನೆ. ಚಿಕ್ಕಮ್ಮನು ಕೋಲೂರಿಕೊಂಡು ಗೇಟಿನ ವರೆಗೆ ಹೋಗಿ, ಕೆಳಗಿನ ಸಾಲನ್ನು ಮೊದಲು ಓದಿದರಂತೆ.